ಪಿಎಸ್2ಗೆ 400 ರೂಪಾಯಿಯ 64 ಎಂಬಿ ಕಾರ್ಡ್ ಬೇಡ, ಕಾರಣ ಹೇಳುತ್ತೇನೆ

ನಮಸ್ಕಾರ. ನೀವು ಕೇಳಿದ್ದು ಇಷ್ಟು: ಮಾವ ಕೊಟ್ಟ ಪಿಎಸ್2 ಸ್ಲಿಮ್ (ಸೋನಿಯ ಪ್ಲೇಸ್ಟೇಷನ್ 2 ಗೇಮ್ ಕನ್ಸೋಲಿನ ತೆಳು ಮಾದರಿ) ಇದೆ, ಆಟ ಎಲ್ಲಿಗೆ ಬಂತು ಅಂತ ಸೇವ್ ಮಾಡಿಡಲು ಅದರ ಜೊತೆಗಿದ್ದ ಮೆಮೊರಿ ಕಾರ್ಡ್ ಕಳೆದುಹೋಗಿದೆ. ಆನ್‌ಲೈನ್‌ನಲ್ಲಿ ಹೊಸ 64 ಎಂಬಿ ಕಾರ್ಡ್ 400 ರೂಪಾಯಿಗೆ ಸಿಗುತ್ತಿದೆ, ಯಾರೋ ಒಬ್ಬರು ಗೀರು ಬಿದ್ದ ಹಳೆಯ ಸೋನಿ 8 ಎಂಬಿ ಕಾರ್ಡಿಗೆ 900 ಹೇಳುತ್ತಿದ್ದಾರೆ, ಯಾವುದು ತಗೊಳ್ಳಲಿ ಅಂತ. ಮೇಲೆ ಇಬ್ಬರು "64 ತಗೊಳ್ಳಿ, ಜಾಗ ಜಾಸ್ತಿ, ದುಡ್ಡೂ ಕಡಿಮೆ" ಅಂದಿದ್ದಾರೆ. ನಾನು ಒಪ್ಪುವುದಿಲ್ಲ. 900ರ ಹಳೆಯದನ್ನೇ ತಗೊಳ್ಳಿ. ಅಷ್ಟು ಹಾಕಲು ಆಗದಿದ್ದರೆ ಅಗ್ಗದ 8 ಎಂಬಿ ಕಾರ್ಡ್ ಎರಡು ತಗೊಳ್ಳಿ. 64, 128 ಅಂತ ಬರೆದಿರುವುದನ್ನು ಮಾತ್ರ ಮುಟ್ಟಬೇಡಿ.

ಇದನ್ನು ಕೇಳಿದ ಮಾತಿನ ಮೇಲೆ ಹೇಳುತ್ತಿಲ್ಲ. 2011ರಲ್ಲಿ ನಮ್ಮ ಮನೆಯಲ್ಲೇ ನಡೆದದ್ದು. ನಾನು, ಅಣ್ಣ ಇಬ್ಬರೂ ಸ್ಮ್ಯಾಕ್‌ಡೌನ್ ಹುಚ್ಚು ಹಿಡಿದವರು. ಅದರಲ್ಲಿ ನಮ್ಮದೇ ಕುಸ್ತಿಪಟುವನ್ನು ಮಾಡಿಕೊಳ್ಳಬಹುದಲ್ಲ, ಅಣ್ಣ ನಮ್ಮ ಬೀದಿಯ ಹುಡುಗರನ್ನೆಲ್ಲ ಒಬ್ಬೊಬ್ಬರಾಗಿ ಮಾಡಿದ್ದ. ಪಕ್ಕದ ಮನೆಯವನ ಮೂಗು ಸರಿ ಬರಲಿಲ್ಲ ಅಂತ ಮೂರು ಸಲ ಬದಲಿಸಿದ್ದ. ರಜೆಗೆ ಬಂದ ಅತ್ತೆ ಮಗನಿಗೂ ಒಬ್ಬ ಇದ್ದ. ಕಾರ್ಡ್ ತುಂಬಿತು. ಪಾಕೆಟ್ ಮನಿ ಕೂಡಿಸಿ ನಾನೇ ಹೋಗಿ ಒಂದು 64 ಎಂಬಿ ಕಾರ್ಡ್ ತಂದೆ, ಎಲ್ಲವನ್ನೂ ಅದಕ್ಕೆ ಕಾಪಿ ಮಾಡಿದೆ, ಹಳೆಯ 8 ಎಂಬಿಯನ್ನು ಖಾಲಿ ಮಾಡಿ ಗೆಳೆಯನೊಬ್ಬನಿಗೆ ಮಾರಿಬಿಟ್ಟೆ. ಎರಡು ತಿಂಗಳು ಏನೂ ತೊಂದರೆ ಇರಲಿಲ್ಲ. ಆಮೇಲೆ ಒಂದು ಸಂಜೆ ಆಟ ಹಾಕಿದರೆ, ಕಾರ್ಡ್ ಫಾರ್ಮ್ಯಾಟ್ ಆಗಿಲ್ಲ, ಮಾಡಲಾ ಅಂತ ಕೇಳಿತು. ನಾನು ಹೌದು ಒತ್ತಿದೆ. ಅಲ್ಲಿಗೆ ಎಲ್ಲ ಹೋಯಿತು. ಅಣ್ಣ ಬೈಯಲಿಲ್ಲ, ಸುಮ್ಮನೆ ಎದ್ದು ಹೊರಗೆ ಹೋದ. ಇವತ್ತಿಗೂ ನನಗೆ ಅದು ನೋವು. ಆ ಹುಡುಗರಲ್ಲಿ ಅರ್ಧ ಜನ ಈಗ ಎಲ್ಲಿದ್ದಾರೋ ಗೊತ್ತಿಲ್ಲ.

ಹೀಗಾಗಿ ಈ ಕಾರ್ಡುಗಳ ಒಳಗೆ ಏನಿದೆ ಅಂತ ಆಮೇಲೆ ಕೂತು ತಿಳಿದುಕೊಂಡೆ. ಪಿಎಸ್2 ಕಾರ್ಡಿನಲ್ಲಿ ಇರುವುದು ಪೆನ್‌ಡ್ರೈವ್‌ನಲ್ಲಿ ಇರುವಂಥದ್ದೇ ಫ್ಲ್ಯಾಶ್ ಮೆಮೊರಿ. ಬರೆದ ಮಾಹಿತಿ ಸಣ್ಣ ಸಣ್ಣ ಕೋಶಗಳಲ್ಲಿ ವಿದ್ಯುತ್ತಾಗಿ ಕೂತಿರುತ್ತದೆ. ಬ್ಯಾಟರಿ ಬೇಡ, ಆದರೆ ವರ್ಷಗಳು ಕಳೆದ ಹಾಗೆ ಅದು ನಿಧಾನವಾಗಿ ಸೋರುತ್ತದೆ, ಬರೆದು ಅಳಿಸಿ ಮಾಡಿದಷ್ಟೂ ಕೋಶ ಸವೆಯುತ್ತದೆ. ಒಳ್ಳೆಯ ಚಿಪ್ ಆದರೆ ಇದು ಬಹಳ ನಿಧಾನ. ಜೊತೆಗೆ ಸೋನಿ ಒಂದು ರಕ್ಷಣೆಯನ್ನೂ ಇಟ್ಟಿದೆ. ಪ್ರತಿ 512 ಬೈಟ್‌ಗೆ 16 ಬೈಟ್ ಹೆಚ್ಚುವರಿ ಜಾಗ ಇರುತ್ತದೆ, ಅದರಲ್ಲಿ ತಪ್ಪು ತಿದ್ದುವ ಲೆಕ್ಕ ಬರೆದಿರುತ್ತದೆ. ಒಂದು ಬಿಟ್ ಅತ್ತಿತ್ತ ಆದರೆ ಓದುವಾಗಲೇ ಸರಿಯಾಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಆದರೆ ಚಿಪ್ಪೇ ಕಳಪೆಯಾಗಿ ಒಟ್ಟಿಗೆ ಹಲವು ಬಿಟ್ ಕೆಟ್ಟರೆ ಆ ರಕ್ಷಣೆಯಿಂದ ಏನೂ ಆಗದು. ನನ್ನ ಆ 64 ಎಂಬಿ ಕಾರ್ಡನ್ನು ಬಿಚ್ಚಿ ನೋಡಿದಾಗ ಹೆಸರು, ನಂಬರ್ ಇರುವ ಚಿಪ್ಪೇ ಇರಲಿಲ್ಲ. ಬೋರ್ಡಿನ ಮೇಲೆ ಗಟ್ಟಿಯಾದ ಕರಿ ಅಂಟಿನ ಬೊಟ್ಟು ಅಷ್ಟೇ. ಅದರ ಕೆಳಗೆ ಏನಿದೆ, ಯಾವ ಗುಣಮಟ್ಟದ್ದು, ಯಾರಿಗೂ ಹೇಳಲು ಆಗದು.

ಇನ್ನು ದೊಡ್ಡದು ಯಾಕೆ ಇನ್ನೂ ಕೆಟ್ಟದ್ದು? ಸೋನಿ ಪಿಎಸ್2ಗೆ ತನ್ನ ಹೆಸರಿನಲ್ಲಿ ತಂದದ್ದು 8 ಎಂಬಿ ಕಾರ್ಡ್. ಆಟ ಬರೆದವರು ಮನಸ್ಸಿನಲ್ಲಿ ಇಟ್ಟುಕೊಂಡದ್ದೂ ಅದನ್ನೇ. ಅದಕ್ಕಿಂತ ದೊಡ್ಡ ಕಾರ್ಡ್ ಹಾಕಿದರೆ ಕೆಲವು ಆಟಗಳು ಸರಿಯಾಗಿ ನಡೆದುಕೊಳ್ಳುತ್ತವೆ, ಕೆಲವು ಖಾಲಿ ಜಾಗ ಲೆಕ್ಕ ಹಾಕಲು ತುಂಬ ಹೊತ್ತು ತಗೊಳ್ಳುತ್ತವೆ, ಕೆಲವು ಕಾರ್ಡೇ ಇಲ್ಲ ಅನ್ನುತ್ತವೆ. ಅದು ಸಣ್ಣ ತೊಂದರೆ. ದೊಡ್ಡ ತೊಂದರೆ ಬೇರೆ ಇದೆ. ಕಾರ್ಡಿನಲ್ಲಿ ಯಾವ ಸೇವ್ ಎಲ್ಲೆಲ್ಲಿ ಇದೆ ಅನ್ನುವ ಪಟ್ಟಿ ಒಂದು ಕಡೆ ಇರುತ್ತದೆ, ಅಂಗಡಿಯ ಖಾತೆ ಪುಸ್ತಕದ ಹಾಗೆ. ಗೋದಾಮಿನಲ್ಲಿ ಒಂದು ಮೂಟೆ ಹಾಳಾದರೆ ಒಂದು ಮೂಟೆ ನಷ್ಟ. ಖಾತೆ ಪುಸ್ತಕವೇ ಒದ್ದೆಯಾದರೆ? ಮೂಟೆಗಳೆಲ್ಲ ಅಲ್ಲೇ ಇದ್ದರೂ ಲೆಕ್ಕ ಸಿಗದು. ಕಾರ್ಡಿನಲ್ಲೂ ಹಾಗೆಯೇ, ಪಟ್ಟಿ ಇರುವ ಜಾಗ ಕೆಟ್ಟರೆ ಇಡೀ ಕಾರ್ಡು ಖಾಲಿ ಕಾಣುತ್ತದೆ. 8 ಎಂಬಿಯಲ್ಲಿ ಹಾಗಾದರೆ ಹತ್ತು ಹದಿನೈದು ಆಟ ಹೋಗಬಹುದು. 64ರಲ್ಲಿ ಮನೆಯವರೆಲ್ಲರ ಎಲ್ಲ ವರ್ಷಗಳೂ ಒಟ್ಟಿಗೆ ಹೋಗುತ್ತವೆ.

ಮೇಲಿನ ಅಂಕಿಯೇ ಸುಳ್ಳಾಗಿರುವ ಕಾರ್ಡುಗಳೂ ಇವೆ. 64 ಅಂತ ಕನ್ಸೋಲಿಗೆ ಹೇಳುತ್ತದೆ, ಒಳಗೆ ಅಷ್ಟು ಇರುವುದಿಲ್ಲ. ನಿಜವಾದ ಜಾಗ ತುಂಬುವವರೆಗೆ ಎಲ್ಲ ಚೆನ್ನಾಗಿರುತ್ತದೆ, ಆಮೇಲೆ ಹೊಸ ಸೇವ್ ಹೋಗಿ ಹಳೆಯದರ ಮೇಲೆ ಕೂರುತ್ತದೆ. "ಎರಡು ತಿಂಗಳು ಚೆನ್ನಾಗಿತ್ತು" ಅನ್ನುವ ಮಾತು ಅದಕ್ಕೇ ನಂಬುವಂಥದ್ದಲ್ಲ. ಇನ್ನು ಅಷ್ಟು ಜಾಗ ನಿಮಗೆ ಬೇಕಾ ಅಂತಲೂ ನೋಡಿ. ಆಟದ ಡಬ್ಬಿಯ ಹಿಂಭಾಗದಲ್ಲಿ ಎಷ್ಟು ಕೆಬಿ ಬೇಕು ಅಂತ ಅಚ್ಚಾಗಿರುತ್ತದೆ, ನಿಮ್ಮ ಹತ್ತಿರ ಇರುವ ಆಟಗಳದ್ದನ್ನೆಲ್ಲ ಕೂಡಿಸಿ. 8 ಎಂಬಿ ಅಂದರೆ ಸುಮಾರು 8,000 ಕೆಬಿ. ಹೆಚ್ಚಿನವರಿಗೆ ಒಂದು ಕಾರ್ಡ್ ಸಾಕಾಗುತ್ತದೆ, ಎರಡು ಇದ್ದರೆ ಧಾರಾಳ.

ಹಳೆಯ ಸೋನಿ ಕಾರ್ಡ್ ನೋಡುವಾಗ ಒಂದು ಎಚ್ಚರ. ಮೇಲೆ ಸೋನಿ ಅಂತ ಇದ್ದ ಮಾತ್ರಕ್ಕೆ ಸೋನಿಯದ್ದಲ್ಲ. ಪಿಎಸ್2 ತಯಾರಿಕೆ ನಿಂತದ್ದೇ 2013ರ ಹೊತ್ತಿಗೆ. ಈಗ ಯಾರಾದರೂ ಹೊಳೆಯುವ ಪ್ಯಾಕ್‌ನಲ್ಲಿ ಹೊಚ್ಚ ಹೊಸ ಸೋನಿ ಕಾರ್ಡನ್ನು 300 ರೂಪಾಯಿಗೆ, ಬೇಕಾದಷ್ಟು ಇದೆ ಅಂತ ಕೊಡುತ್ತಿದ್ದರೆ ಅದು ಎಲ್ಲಿಂದ ಬಂತು ಅಂತ ಯೋಚಿಸಿ. ಅಸಲಿ 8 ಎಂಬಿ ಕಾರ್ಡಿನ ಮಾದರಿ ಸಂಖ್ಯೆ ಎಸ್‌ಸಿಪಿಎಚ್-10020. ಅದರ ಮೇಲೆ ಮ್ಯಾಜಿಕ್‌ಗೇಟ್ (ನಕಲು ತಡೆಯಲು ಸೋನಿ ಇಟ್ಟ ವ್ಯವಸ್ಥೆ) ಗುರುತು ಇರುತ್ತದೆ, ಅಕ್ಷರಗಳು ಚೂಪಾಗಿ ಮೂಡಿರುತ್ತವೆ. ನಕಲಿಯವರು ಇದನ್ನೂ ಅಚ್ಚು ಹಾಕುತ್ತಾರೆ, ಹಾಗಾಗಿ ನನಗೆ ಹೆಚ್ಚು ನಂಬಿಕೆ ಬರುವುದು ಬೇರೊಂದು ಗುರುತಿನ ಮೇಲೆ: ಹಳೆಯ ಮಾಲೀಕನ ಸೇವ್‌ಗಳು. ಮಾರುವವರಿಗೆ ಕಾರ್ಡ್ ಖಾಲಿ ಮಾಡಬೇಡಿ ಅಂತ ಹೇಳಿ, ಡಿಸ್ಕ್ ಇಲ್ಲದೆ ಪಿಎಸ್2 ಆನ್ ಮಾಡಿ ಬ್ರೌಸರ್‌ಗೆ, ಅಂದರೆ ಕಾರ್ಡಿನಲ್ಲಿ ಇರುವುದನ್ನು ತೋರಿಸುವ ಪರದೆಗೆ, ಹೋಗಿ ಫೋಟೋ ಕಳಿಸಲು ಕೇಳಿ. ಪ್ರತಿ ಸೇವ್‌ಗೆ ತಾರೀಖು ಕಾಣುತ್ತದೆ. 2006, 2007ರ ಸೇವ್ ಇವತ್ತಿಗೂ ತೆರೆದುಕೊಂಡರೆ ಆ ಚಿಪ್ ಇಷ್ಟು ವರ್ಷ ಹಿಡಿದಿಟ್ಟುಕೊಂಡಿದೆ ಅಂತಾಯಿತು. ಹೊಸ ಅಗ್ಗದ ಕಾರ್ಡಿಗೆ ಇಂಥ ಪುರಾವೆ ಎಲ್ಲಿಂದ ತರುವುದು?

ಅಗ್ಗದ 8 ಎಂಬಿಯನ್ನೇ ತಗೊಂಡರೆ ಮೊದಲು ಪರೀಕ್ಷೆ ಮಾಡಿ, ಆಮೇಲೆ ನಂಬಿ. ಗೆಳೆಯರ ಕಾರ್ಡೊಂದನ್ನು ಎರಡು ದಿನಕ್ಕೆ ತನ್ನಿ. ಅದರಲ್ಲಿರುವ ಸೇವ್‌ಗಳನ್ನು ನಿಮ್ಮದಕ್ಕೆ ಕಾಪಿ ಮಾಡಿ, ಜಾಗ ಉಳಿಯದ ಹಾಗೆ ತುಂಬಿಸಿ. ಒಂದೆರಡು ಸೇವ್ ಕಾಪಿಗೆ ಒಪ್ಪದಿರಬಹುದು, ಕೆಲವು ಆಟದವರು ಹಾಗೆ ತಡೆದಿದ್ದಾರೆ, ಅದು ಕಾರ್ಡಿನ ದೋಷ ಅಲ್ಲ. ತುಂಬಿದ ಮೇಲೆ ಕಾರ್ಡ್ ತೆಗೆದು ಡ್ರಾಯರ್‌ನಲ್ಲಿ ಎರಡು ವಾರ ಇಡಿ. ಮತ್ತೆ ಹಾಕಿ, ಮೊದಲು ಬರೆದ ಸೇವ್, ಕೊನೆಗೆ ಬರೆದ ಸೇವ್, ಮಧ್ಯದ ಒಂದೆರಡು, ಇವನ್ನು ಆಟದ ಒಳಗೆ ಹೋಗಿ ಲೋಡ್ ಮಾಡಿ ನೋಡಿ. ಐಕಾನ್ ಕಂಡರೆ ಸಾಲದು, ಆಟ ತೆರೆಯಬೇಕು. ಒಂದೇ ಒಂದು ಕೆಟ್ಟಿದ್ದರೂ ಆ ಕಾರ್ಡ್ ವಾಪಸ್ ಕೊಡಿ. ವಾಪಸ್ ಮಾಡುವ ಅವಧಿ ಮುಗಿಯುವುದರೊಳಗೆ ಇದೆಲ್ಲ ಆಗಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಈಗ ಹೇಳುತ್ತೇನೆ, ನಾನು ಮಾಡಿದ ತಪ್ಪು ನೀವು ಮಾಡಬಾರದು. ಯಾವತ್ತಾದರೂ "ಫಾರ್ಮ್ಯಾಟ್ ಆಗಿಲ್ಲ, ಮಾಡಲಾ" ಅಂತ ಕೇಳಿದರೆ ಬೇಡ ಅನ್ನಿ. ಕನ್ಸೋಲ್ ಆಫ್ ಮಾಡಿ, ಕಾರ್ಡ್ ತೆಗೆಯಿರಿ. ಎಷ್ಟೋ ಸಲ ಚಿಪ್ ಚೆನ್ನಾಗಿಯೇ ಇರುತ್ತದೆ, ಸಂಪರ್ಕದ ಪಟ್ಟಿಗಳ ಮೇಲೆ ಕೊಳೆ ಕೂತಿರುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಅಥವಾ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಸಿಗುತ್ತದೆ, ಕಿವಿಗೆ ಹಾಕುವ ಹತ್ತಿ ಕಡ್ಡಿಗೆ ಸ್ವಲ್ಪ ತಾಗಿಸಿ ಆ ಲೋಹದ ಪಟ್ಟಿಗಳನ್ನು ಒರೆಸಿ, ಪೂರ್ತಿ ಒಣಗಲು ಬಿಡಿ. ಮಂಗಳೂರು, ಕಾರವಾರದ ಕಡೆ ಇರುವವರು ಮಳೆಗಾಲ ಮುಗಿದ ಮೇಲೆ ಒಮ್ಮೆ ಇದನ್ನು ಮಾಡಿಕೊಂಡರೆ ಒಳ್ಳೆಯದು, ಅಲ್ಲಿನ ಗಾಳಿಗೆ ಲೋಹ ಬೇಗ ಮಂಕಾಗುತ್ತದೆ. ಆಮೇಲೆ ಎರಡನೇ ಸ್ಲಾಟ್‌ನಲ್ಲಿ ಹಾಕಿ ನೋಡಿ, ಅದಕ್ಕೂ ಬರದಿದ್ದರೆ ಬೇರೆಯವರ ಕನ್ಸೋಲ್‌ನಲ್ಲಿ. ಇವೆಲ್ಲ ಮುಗಿದ ಮೇಲೆಯೇ ಫಾರ್ಮ್ಯಾಟ್ ಮಾತು. ಅವತ್ತು ಇಷ್ಟು ಗೊತ್ತಿದ್ದಿದ್ದರೆ ಅಣ್ಣನ ಹುಡುಗರು ಉಳಿಯುತ್ತಿದ್ದರೇನೋ ಅಂತ ಈಗಲೂ ಅನ್ನಿಸುತ್ತದೆ.

ಕರೆಂಟ್ ವಿಷಯ. ಸೇವ್ ಆಗುತ್ತಿರುವಾಗ ಕರೆಂಟ್ ಹೋದರೆ ಅಸಲಿ ಸೋನಿ ಕಾರ್ಡೂ ಕೆಡಬಹುದು, ಬರೆಯುವುದು ಅರ್ಧಕ್ಕೆ ನಿಲ್ಲುತ್ತದಲ್ವಾ. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಹೇಳಲು ಆಗದು. ಮನೆಯಲ್ಲಿ ಯುಪಿಎಸ್ ಇದ್ದರೆ ಆ ಲೈನಿಗೇ ಕನ್ಸೋಲ್ ಹಾಕಿ, ಟಿವಿ ಬೇರೆ ಲೈನಿನಲ್ಲಿ ಇದ್ದರೂ ಪರವಾಗಿಲ್ಲ. ಒಂದೇ ಸೇವ್ ಮೇಲೆ ಮತ್ತೆ ಮತ್ತೆ ಬರೆಯುವ ಬದಲು ಎರಡು ಜಾಗದಲ್ಲಿ ಬದಲಿಸಿ ಬದಲಿಸಿ ಬರೆಯಿರಿ, ಒಂದು ಕೆಟ್ಟರೆ ಹಿಂದಿನದು ಇರುತ್ತದೆ.

ಅಂಗಡಿಯಲ್ಲಿ ಫ್ರೀ ಮ್ಯಾಕ್‌ಬೂಟ್ ಹಾಕಿದ ಕಾರ್ಡ್ ಅಂತ ಕೊಡುತ್ತಾರೆ. ಅದು ಕಾರ್ಡಿನಿಂದಲೇ ಬೇರೆ ಪ್ರೋಗ್ರಾಂ ಓಡಿಸುವ ವ್ಯವಸ್ಥೆ. ನನಗೆ ಅದರ ದೊಡ್ಡ ಉಪಯೋಗ ಬ್ಯಾಕಪ್. ಅದರಲ್ಲಿರುವ ಯುಲಾಂಚ್‌ಎಲ್ಫ್ ಅನ್ನುವ ಫೈಲ್ ಕಾಪಿ ಮಾಡುವ ಪ್ರೋಗ್ರಾಂ ತೆರೆದು ಸೇವ್‌ಗಳನ್ನು ಎಫ್‌ಎಟಿ32 ಆಗಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಕಾಪಿ ಮಾಡಿ ಕಂಪ್ಯೂಟರ್‌ನಲ್ಲಿ ಇಡಬಹುದು. ಪಿಎಸ್2ನ ಯುಎಸ್‌ಬಿ 1.1, ನಿಧಾನ, ಆದರೆ ಸೇವ್‌ಗಳು ಚಿಕ್ಕವು. ಎರಡು ಮಾತು ನೆನಪಿರಲಿ. ಸ್ಲಿಮ್‌ಗಳಲ್ಲಿ ಕೊನೆಗೆ ಬಂದ 90000 ಸರಣಿಯ ಕೆಲವು ಯಂತ್ರಗಳಲ್ಲಿ, ಬಯೋಸ್ (ಯಂತ್ರದ ಒಳಗಿನ ಮೂಲ ಪ್ರೋಗ್ರಾಂ) 2.30 ಇರುವವುಗಳಲ್ಲಿ, ಇದು ನಡೆಯುವುದಿಲ್ಲ. ಮತ್ತೆ ಅದನ್ನು ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಸುಮ್ನೆ ಕಾಪಿ ಮಾಡಿದರೆ ಓಡದು, ಮ್ಯಾಜಿಕ್‌ಗೇಟ್ ಲೆಕ್ಕ ಆಯಾ ಕಾರ್ಡಿಗೆ ಬೇರೆ ಬೇರೆ, ಇನ್‌ಸ್ಟಾಲರ್ ಮೂಲಕವೇ ಹಾಕಬೇಕು. ಇದಕ್ಕೆ ಒಂದು ಅಗ್ಗದ ಕಾರ್ಡ್ ಬಳಸಿ, ಅಡ್ಡಿಯಿಲ್ಲ, ಅದು ಕೆಟ್ಟರೆ ಮತ್ತೆ ಹಾಕಿಕೊಳ್ಳಬಹುದು. ಸೇವ್‌ಗಳು ಮಾತ್ರ ಬೇರೆ ಕಾರ್ಡಿನಲ್ಲಿರಲಿ.

ಎಂಎಕ್ಸ್4ಎಸ್‌ಐಒ ಅಂತ ಇನ್ನೊಂದು ಸಿಗುತ್ತದೆ, ಮೆಮೊರಿ ಕಾರ್ಡಿನ ಆಕಾರದಲ್ಲೇ ಇರುತ್ತದೆ, ಒಳಗೆ ಎಸ್‌ಡಿ ಕಾರ್ಡ್ ಹಾಕುತ್ತಾರೆ. ತುಂಬ ಜನ ಇದನ್ನು ದೊಡ್ಡ ಮೆಮೊರಿ ಕಾರ್ಡ್ ಅಂದುಕೊಂಡು ತಗೊಂಡಿದ್ದಾರೆ. ಡಿಸ್ಕಿನಿಂದ ಆಡುವಾಗ ಆಟ ಅದಕ್ಕೆ ಸೇವ್ ಮಾಡುವುದಿಲ್ಲ, ಅದರ ಕೆಲಸ ಬೇರೆ. ಎಸ್‌ಡಿ ಕಾರ್ಡಿನಲ್ಲೇ ಸೇವ್ ಇರಬೇಕು ಅಂದರೆ ಮೆಮ್‌ಕಾರ್ಡ್ ಪ್ರೊ2 ಅಥವಾ ಎಸ್‌ಡಿ2ಪಿಎಸ್‌ಎಕ್ಸ್ ಅನ್ನುವವು ಇವೆ. ಪ್ರತಿ 8 ಎಂಬಿ ಕಾರ್ಡನ್ನೂ ಒಂದೊಂದು ಫೈಲ್ ಆಗಿ ಇಡುತ್ತವೆ, ಆ ಫೈಲನ್ನು ಕಂಪ್ಯೂಟರ್‌ಗೆ ಎಳೆದರೆ ಬ್ಯಾಕಪ್ ಮುಗಿಯಿತು. ಬೆಲೆ ನಿಮ್ಮ 900ಕ್ಕಿಂತ ಬಹಳ ಜಾಸ್ತಿ. ಆದರೆ ದುಡ್ಡಿದ್ದವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ಅದಕ್ಕೆ ಹಾಕುವ ಎಸ್‌ಡಿ ಕಾರ್ಡ್ ನಕಲಿಯಾಗಿದ್ದರೆ ಮತ್ತೆ ಅದೇ ಕತೆ, ಮೊದಲೇ ಕಂಪ್ಯೂಟರ್‌ನಲ್ಲಿ ಕಾರ್ಡಿನ ನಿಜವಾದ ಜಾಗ ಪರೀಕ್ಷಿಸುವ ಎಚ್2ಟೆಸ್ಟ್‌ಡಬ್ಲ್ಯೂ ಪ್ರೋಗ್ರಾಂ ಓಡಿಸಿ ನೋಡಿ, ಲಿನಕ್ಸ್ ಇದ್ದರೆ ಎಫ್3.

ಕೆಳಗೆ ಒಬ್ಬರು ಪಿಎಸ್1 ಆಟಗಳ ಬಗ್ಗೆ ಕೇಳಿದ್ದಾರೆ. ಪಿಎಸ್2ನಲ್ಲಿ ಪಿಎಸ್1 ಡಿಸ್ಕ್ ಓಡುತ್ತದೆ, ಆದರೆ ಸೇವ್ ಮಾಡಲು ಪಿಎಸ್1 ಕಾರ್ಡೇ ಬೇಕು. ಅದು 128 ಕೆಬಿ, ಬಳಸಲು ಸಿಗುವುದು 15 ಬ್ಲಾಕ್, ಅಂದರೆ ಜಾಗದ 15 ಭಾಗ. 120 ಬ್ಲಾಕ್, 360 ಬ್ಲಾಕ್ ಅಂತ ಗುಂಡಿ ಇರುವ ಕಾರ್ಡುಗಳು ಬರುತ್ತವೆ. ಗುಂಡಿ ಒತ್ತಿ ಪುಟ ಬದಲಿಸುವ 120ರದ್ದು ಎಚ್ಚರದಿಂದ ಬಳಸಿದರೆ ನಡೆಯುತ್ತದೆ, ಆಟದ ಮಧ್ಯೆ ಗುಂಡಿ ಮುಟ್ಟಬಾರದು ಅಷ್ಟೇ. ಮಾಹಿತಿಯನ್ನು ಒತ್ತಿ ಚಿಕ್ಕದು ಮಾಡಿ ತುಂಬುವ 360ರದ್ದು ಬೇಡವೇ ಬೇಡ.

ನೀವು ಈಗ ಮಾಡಬೇಕಾದದ್ದು ಎರಡು. ಸ್ಲಿಮ್ ತಿರುಗಿಸಿ ಕೆಳಗಿನ ಸ್ಟಿಕರ್ ಫೋಟೋ ಇಲ್ಲಿ ಹಾಕಿ, ಸರಣಿ ನೋಡಿ ಫ್ರೀ ಮ್ಯಾಕ್‌ಬೂಟ್ ಆಗುತ್ತದಾ ಹೇಳುತ್ತೇನೆ. 900 ಹೇಳಿದವರಿಗೆ ಇವತ್ತೇ ಮೆಸೇಜ್ ಮಾಡಿ ಬ್ರೌಸರ್ ಪರದೆಯ ಫೋಟೋ ಕೇಳಿ, ಅದನ್ನೂ ಹಾಕಿ. ಮತ್ತೆ ಮಾವನನ್ನು ಒಂದು ಸಲ ಕೇಳಿ, ಕಳೆದ ಕಾರ್ಡ್ ಅಟ್ಟದ ಮೇಲೋ ಹಳೆಯ ಸೂಟ್‌ಕೇಸಿನಲ್ಲೋ ಇದ್ದರೂ ಇರಬಹುದು. ಸಿಕ್ಕಿದರೆ ಮೊದಲು ಲೋಹದ ಪಟ್ಟಿಗಳನ್ನು ಒರೆಸಿ, ಆಮೇಲೆ ಹಾಕಿ.