ಬೆಂಗಳೂರಿನ ಬಾಡಿಗೆ ಮನೆಗೆ ದೆವ್ವಗಳು ತಂಡತಂಡವಾಗಿ ನುಗ್ಗುವ ತಮಾಷೆ ಗೇಮ್: ನಗು ಎಲ್ಲಿಡಬೇಕು, ಲೆಕ್ಕ ಎಲ್ಲಿಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ಇಬ್ಬರೇ ಸೇರಿ ಗೊಡಾಟ್ 4 ಅನ್ನುವ ಗೇಮ್ ತಯಾರಿಸುವ ಸಾಫ್ಟ್‌ವೇರ್‌ನಲ್ಲಿ ಗೇಮ್ ಮಾಡುತ್ತಿದ್ದೀರಿ. ಬೆಂಗಳೂರಿನ ಒಂದು ಮನೆಗೆ ದೆವ್ವಗಳೂ ರಾಕ್ಷಸರೂ ನುಗ್ಗುತ್ತಾರೆ, 20 ವೇವ್ (ಒಂದರ ಹಿಂದೊಂದು ಬರುವ ದಾಳಿ) ಬದುಕುಳಿದರೆ ಗೆಲುವು. ಆದರೆ ಡೈಲಾಗೆಲ್ಲ ಐದನೇ ವೇವ್ ಹೊತ್ತಿಗೆ ಸಪ್ಪೆಯಾಗುತ್ತಿದೆ, ಹತ್ತು ದಾಟಿದ ಮೇಲೆ ಆಟವೇ ಸಲೀಸಾಗಿಬಿಡುತ್ತಿದೆ.

ಮೊದಲು ನಗುವಿನ ವಿಷಯ. ಅದನ್ನು ಡೈಲಾಗಿನಿಂದ ಕಿತ್ತು ಆಟದ ನಿಯಮದೊಳಗೆ ಹಾಕಿ. ಎಂಥ ಡೈಲಾಗಾದರೂ ನಲವತ್ತನೇ ಸಲ ಕೇಳಿದಾಗ ತಲೆನೋವೇ. ನಿಯಮ ಹಾಗಲ್ಲ, ಪ್ರತಿ ಸಲ ಆಟಗಾರನನ್ನು ಹೊಸ ಪೇಚಿಗೆ ಸಿಕ್ಕಿಸುತ್ತೆ. ಈ ವಿಷಯದಲ್ಲಿ ನಮ್ಮ ಪುರಾಣದ ರಾಕ್ಷಸರು ಅರ್ಧ ಕೆಲಸ ಮಾಡಿಟ್ಟಿದ್ದಾರೆ. ವರ ಪಡೆಯುವಾಗಲೇ ಒಂದೊಂದು ನಿಯಮವನ್ನೂ ಜೊತೆಗೆ ಕಟ್ಟಿಸಿಕೊಂಡು ಬಂದವರು ಅವರು.

ಭಸ್ಮಾಸುರನನ್ನೇ ತಗೊಳ್ಳಿ. ಅವನು ಕೈಯಿಟ್ಟ ತಲೆ ಬೂದಿ. ಆ ತಲೆ ಆಟಗಾರನದ್ದೇ ಆಗಿರಬೇಕೆಂದೇನಿಲ್ಲವಲ್ಲ, ಪಕ್ಕದ ದೆವ್ವದ್ದಾದರೂ ಬೂದಿಯೇ. ಕೈ ಎತ್ತುವುದಕ್ಕೂ ಇಳಿಸುವುದಕ್ಕೂ ನಡುವೆ 0.7 ಸೆಕೆಂಡ್ ಕೊಡಿ, ಆ ಹೊತ್ತಿನಲ್ಲಿ ನೆಲದ ಮೇಲೆ ಅಂಗೈ ನೆರಳು ಕಾಣಲಿ. ಎರಡು ಸಲ ಸತ್ತ ಮೇಲೆ ಆಟಗಾರ ತಾನಾಗಿಯೇ ಅವನನ್ನು ಗುಂಪಿನ ನಡುವೆ ಎಳೆದುಕೊಂಡು ಓಡಲು ಕಲಿಯುತ್ತಾನೆ. ಇಲ್ಲಿ ಒಂದಕ್ಷರ ಡೈಲಾಗೂ ಬೇಡ.

ಕುಂಭಕರ್ಣನನ್ನು ಬಾಸ್ (ಎಲ್ಲರಿಗಿಂತ ದೊಡ್ಡ ವೈರಿ) ಅಂತ ಕೊನೆಗೆ ತರಬೇಡಿ. ಮೊದಲ ವೇವ್‌ನಿಂದಲೇ ಹಾಲ್‌ನಲ್ಲಿ ಗೊರಕೆ ಹೊಡೆಯುತ್ತ ಬಿದ್ದಿರಲಿ. ಆಟಗಾರನ ಆಯುಧಗಳ ಸದ್ದಿಗೆ 0ರಿಂದ 100ರ ಮೀಟರ್ ಇಡಿ, ಅದು ತುಂಬಿದರೆ ಕುಂಭಕರ್ಣ ಏಳಲಿ: ಕವಣೆ ಏಟಿಗೆ 1, ಮಿಕ್ಸಿ ತಿರುಗಿದರೆ ಸೆಕೆಂಡಿಗೆ 4, ಕುಕ್ಕರ್ ಬಾಂಬ್ ಸೀಟಿ ಹೊಡೆದರೆ 15. ಸೆಕೆಂಡಿಗೆ 2ರಂತೆ ಮೀಟರ್ ತಾನೇ ಇಳಿಯಲಿ. ಆಗ ಸೆಕೆಂಡಿಗೆ ಎರಡು ಏಟು ಹೊಡೆಯುವವನ ಸದ್ದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅವನೇ ಅಪ್‌ಗ್ರೇಡ್ ಮಾಡಿಕೊಂಡು ನಾಲ್ಕು ಏಟು ಹೊಡೆಯತೊಡಗಿದರೆ 50 ಸೆಕೆಂಡಿಗೆ ಮೀಟರ್ ತುಂಬುತ್ತೆ. ಎದ್ದ ಕುಂಭಕರ್ಣ 20 ಸೆಕೆಂಡ್ ಎದುರಿಗೆ ಸಿಕ್ಕಿದ್ದನ್ನೆಲ್ಲ ತಿನ್ನುತ್ತಾನೆ, ದೆವ್ವಗಳನ್ನೂ ಬಿಡದೆ. ಬೇಕಂತಲೇ ಎಬ್ಬಿಸುವ ಕಿಲಾಡಿಗಳು ಬಂದೇ ಬರುತ್ತಾರೆ. ತಡೆಯಬೇಡಿ, ಆಟ ರಂಗೇರುವುದೇ ಅಲ್ಲಿ.

ರಕ್ತಬೀಜ ಮಾತ್ರ ಅಪಾಯದ ಗಿರಾಕಿ. ನೆಲಕ್ಕೆ ಬಿದ್ದ ಒಂದೊಂದು ಹನಿಯಿಂದ ಇನ್ನೊಬ್ಬ ಹುಟ್ಟುತ್ತಾನೆ ಅನ್ನುವುದನ್ನು ಹಾಗೇ ಕೋಡ್ ಮಾಡಿದರೆ, ಸುತ್ತಲೂ ಏಟು ಕೊಡುವ ಆಯುಧದ ಮುಂದೆ ಸೆಕೆಂಡಿಗೊಮ್ಮೆ ಸಂಖ್ಯೆ ಇಮ್ಮಡಿಯಾಗಿ ಹತ್ತೇ ಸೆಕೆಂಡಿಗೆ 1024 ಆಗುತ್ತೆ, ಫೋನ್ ಅಲ್ಲೇ ಮಲಗುತ್ತೆ. ಎರಡು ಕಡಿವಾಣ ಬೇಕು: ಮೊಮ್ಮಗನ ತಲೆಮಾರಿಗೆ ಹುಟ್ಟು ನಿಲ್ಲಬೇಕು, ಒಟ್ಟು ಜೀವಂತ ಇರುವವರು 12 ಮೀರಬಾರದು. ಪುರಾಣದಲ್ಲಿ ಕಾಳಿ ರಕ್ತ ನೆಲಕ್ಕೆ ಬೀಳುವ ಮೊದಲೇ ಕುಡಿದುಬಿಡುತ್ತಾಳೆ. ನಿಮ್ಮ ಮನೆಯಲ್ಲಿ ಆ ಕೆಲಸಕ್ಕೆ ಬಚ್ಚಲಿನ ಬಕೆಟ್ ಇದೆ. ಹನಿ ಬಕೆಟ್‌ಗೆ ಬಿದ್ದರೆ ಮರಿ ಇಲ್ಲ.

ಇನ್ನು ಬೆಂಗಳೂರಿನ ಮಟ್ಟಿಗೆ ಹೇಳುವುದಾದರೆ 'ನಾಳೆ ಬಾ'ಗಿಂತ ಒಳ್ಳೆಯ ಆಯುಧ ಇಲ್ಲ. 1990ರ ದಶಕದಲ್ಲಿ ಮನೆಮನೆ ಬಾಗಿಲ ಮೇಲೆ ಬರೆದಿದ್ದು, ದೆವ್ವ ಓದಿಕೊಂಡು ವಾಪಸ್ ಹೋಗುತ್ತೆ, ಮಾರನೆಯ ದಿನ ಬಂದು ಮತ್ತೆ ಅದನ್ನೇ ಓದುತ್ತೆ ಅನ್ನುವ ನಂಬಿಕೆ. ಗೇಮ್‌ನಲ್ಲಿ ಇದು ಸಾಲದ ನಿಯಮವಾಗುತ್ತೆ. ಸೀಮೆಸುಣ್ಣ ಹಿಡಿದು ಬಾಗಿಲ ಮುಂದೆ 3 ಸೆಕೆಂಡ್ ಅಲ್ಲಾಡದೆ ನಿಂತು ಬರೆದರೆ ಆ ಬಾಗಿಲಿಗೆ ಬರುವವರೆಲ್ಲ ಹಿಂದಿರುಗಬೇಕು. ಮುಂದಿನ ವೇವ್‌ನಲ್ಲಿ ನೂರಕ್ಕೆ 25ರ ಬಡ್ಡಿ ಸೇರಿಸಿ ಬರಬೇಕು: ಎಂಟು ಹೋದರೆ ಹತ್ತು ವಾಪಸ್. ಎಡವಟ್ಟಾಗುವುದು ಇಲ್ಲೇ. ಮಿತಿಯಿಲ್ಲದಿದ್ದರೆ ಆಟಗಾರ ಎಲ್ಲ ವೇವ್‌ಗಳನ್ನೂ ಮುಂದೂಡುತ್ತ ಹೋಗುತ್ತಾನೆ, ಇಪ್ಪತ್ತನೆಯದರಲ್ಲಿ ಪರದೆ ತುಂಬ ಬಿಳಿ ಸೀರೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಹಾಗಾಗಿ ಒಂದು ಆಟಕ್ಕೆ ಮೂರೇ ತುಂಡು ಸೀಮೆಸುಣ್ಣ ಕೊಡಿ. ಒಂದೇ ಬಾಗಿಲಿಗೆ ಬೆನ್ನುಬೆನ್ನಿಗೆ ಎರಡು ಸಲ ಬರೆಯಲು ಬಿಡಬೇಡಿ. ಮಳೆ ಬಂದರೆ ಅಕ್ಷರ ಅಳಿಸಿಹೋಗಲಿ. ಆರನೇ ವೇವ್‌ನಿಂದ 'ಕನ್ನಡ್ ಗೊತ್ತಿಲ್ಲ' ಅನ್ನುವ ದೆವ್ವವೊಂದು ಬರಲಿ. ಅದು ಬಾಗಿಲು ನೋಡಿ, ತಲೆ ಕೆರೆದುಕೊಂಡು, ಸೀದಾ ಒಳಗೆ ಬರಬೇಕು.

ಪಾದ ಹಿಂದುಮುಂದಾದ ದೆವ್ವದ ಬಗ್ಗೆ ಎಚ್ಚರ. ಓಡಿಹೋಗುತ್ತಿರುವಂತೆ ಕಾಣುತ್ತ ನಮ್ಮ ಕಡೆಗೇ ಬರುವುದು ಮಜವೇ, ಆದರೆ ಗುಂಪಿನಲ್ಲಿ ಯಾವುದು ಯಾವ ಕಡೆ ಬರುತ್ತಿದೆ ತಿಳಿಯದೆ ಸತ್ತವನಿಗೆ ನಗು ಬರಲ್ಲ, ಸಿಟ್ಟು ಬರುತ್ತೆ. ಒಂದು ವೇವ್‌ಗೆ ಮೂರಕ್ಕಿಂತ ಹೆಚ್ಚು ಬೇಡ, ಕಾಲ್ಗೆಜ್ಜೆ ಸದ್ದು ಹತ್ತಿರವಾಗುವುದು ಕಿವಿಗೆ ಗೊತ್ತಾಗಲಿ.

ಈಗ ಲೆಕ್ಕ. ಹತ್ತರ ಮೇಲೆ ಸಲೀಸಾಗುವುದಕ್ಕೆ ಬಹುಪಾಲು ಕಾರಣ ಒಂದೇ: ಆಟಗಾರನ ಬಲ ಗುಣಾಕಾರದಲ್ಲಿ, ವೈರಿಯ ಹೆಲ್ತ್ (ಸಾಯುವ ಮುನ್ನ ಎಷ್ಟು ಏಟು ತಡೆಯುತ್ತೆ ಅನ್ನುವ ಸಂಖ್ಯೆ) ಕೂಡುವಿಕೆಯಲ್ಲಿ ಬೆಳೆಯುತ್ತಿರುತ್ತೆ. ಏಟಿಗೆ 10 ಡ್ಯಾಮೇಜ್ (ಹೆಲ್ತ್‌ನಿಂದ ಕಳೆಯುವ ಸಂಖ್ಯೆ), ಸೆಕೆಂಡಿಗೆ 2 ಏಟು, ಸಾದಾ ದೆವ್ವದ ಹೆಲ್ತ್ 20 ಅಂದುಕೊಳ್ಳಿ. ಸೆಕೆಂಡಿಗೆ ಒಂದು ದೆವ್ವ ಸಾಯುತ್ತೆ. ವೇವ್‌ಗೊಂದು ಅಪ್‌ಗ್ರೇಡ್, ಪ್ರತಿಯೊಂದೂ ಈಗಿರುವ ಬಲಕ್ಕೆ ನೂರಕ್ಕೆ 10 ಸೇರಿಸಿದರೆ ಇಪ್ಪತ್ತು ಅಪ್‌ಗ್ರೇಡ್‌ಗೆ ಬಲ 6.7 ಪಟ್ಟು. ಹೆಲ್ತ್ ವೇವ್‌ಗೆ 2ರಂತೆ ಏರಿದರೆ 20 ಹೋಗಿ 60, ಅಂದರೆ ಮೂರೇ ಪಟ್ಟು. ಆಟಗಾರ ಇಮ್ಮಡಿಗಿಂತ ಹೆಚ್ಚು ಮುಂದೆ ಹೋಗಿಬಿಟ್ಟ. ಅಪ್‌ಗ್ರೇಡ್‌ನ ನೂರಕ್ಕೆ 10 ಅನ್ನು ಯಾವಾಗಲೂ ಮೂಲ ಸಂಖ್ಯೆಯ ಮೇಲೆ ಲೆಕ್ಕ ಹಾಕಿ. ಡ್ಯಾಮೇಜ್‌ಗೆ ಹತ್ತು, ವೇಗಕ್ಕೆ ಹತ್ತು ಹೋದರೆ ಎರಡೂ ದುಪ್ಪಟ್ಟು, ಒಟ್ಟು ನಾಲ್ಕು ಪಟ್ಟು. ಮೂರಕ್ಕೂ ನಾಲ್ಕಕ್ಕೂ ನಡುವಿನ ಅಂತರವನ್ನು ವೈರಿಗಳ ತಲೆ ಎಣಿಕೆ ಏರಿಸಿ ತುಂಬಬಹುದು.

ಅದಕ್ಕೆ ಪ್ರತಿ ವೇವ್‌ಗೂ ವೈರಿಗಳನ್ನು ಬಿಡಲು ಖರ್ಚು ಮಾಡುವ ಪಾಯಿಂಟ್ ಕೊಡಿ. ಮೊದಲನೆಯದಕ್ಕೆ 15, ಆಮೇಲೆ ಎರಡೆರಡು ಏರಿಸಿದರೆ ಇಪ್ಪತ್ತನೆಯದಕ್ಕೆ 53. ಸಾದಾ ದೆವ್ವ 1, ಭಸ್ಮಾಸುರ 6, ರಕ್ತಬೀಜ 8. ಕೊನೆಯ ವೇವ್‌ನಲ್ಲಿ ಒಬ್ಬ ರಕ್ತಬೀಜ, ಇಬ್ಬರು ಭಸ್ಮಾಸುರರು ಬಂದರೆ 20 ಖರ್ಚು, ಉಳಿದ 33 ಸಾದಾ ದೆವ್ವ. 40 ಸೆಕೆಂಡ್‌ನ ವೇವ್‌ನಲ್ಲಿ ಆಟಗಾರ ಒಂದೇಟೂ ತಪ್ಪದಿದ್ದರೆ (ಬಲ ನಾಲ್ಕು ಪಟ್ಟು, ಹೆಲ್ತ್ ಮೂರು ಪಟ್ಟು, ಹಾಗಾಗಿ ಸೆಕೆಂಡಿಗೆ 4/3 ದೆವ್ವ) 53 ದೆವ್ವ ಹೊಡೆಯಬಲ್ಲ, ಅಂದರೆ 33ಕ್ಕೆ ಮೂರನೇ ಎರಡರಷ್ಟು ಶಕ್ತಿಯೂ ಬೇಡ. ಗುರಿ ತಪ್ಪಲು, ಓಡಲು, ಬಕೆಟ್ ಹುಡುಕಲು ಉಳಿಯುವ ಜಾಗ ಅದೇ.

ವೇವ್ ಮುಗಿಯುವ ಹೊತ್ತಿಗೆ ಒಂದೇ ಒಂದು ದೆವ್ವ ಸಂಪ್ ಹಿಂದೆ ಸಿಕ್ಕಿಕೊಂಡು, ಆಟಗಾರ ಅದನ್ನು ಹುಡುಕಿಕೊಂಡು ಅಲೆಯುವುದಿದೆಯಲ್ಲ, ಅದು ಆಟದ ಬಿಸಿ ಇಳಿಸಿಬಿಡುತ್ತೆ. 1978ರ ಸ್ಪೇಸ್ ಇನ್‌ವೇಡರ್ಸ್‌ನಲ್ಲಿ ವೈರಿಗಳು ಕಮ್ಮಿಯಾದಂತೆ ಯಂತ್ರದ ಕೆಲಸ ಹಗುರಾಗಿ ಉಳಿದವು ಜೋರಾಗಿ ಓಡುತ್ತಿದ್ದವು, ಕೊನೆಯವನೇ ಎಲ್ಲರಿಗಿಂತ ಗಡಿಬಿಡಿ ಎಬ್ಬಿಸುತ್ತಿದ್ದ. ನೀವೂ ಕೊನೆಯ ಮೂರಕ್ಕೆ ಒಂದೂವರೆ ಪಟ್ಟು ವೇಗ ಕೊಡಿ. ಬಿಡುವಿನ ವಿಷಯದಲ್ಲಿ 2008ರ ಲೆಫ್ಟ್ ಫೋರ್ ಡೆಡ್ ಗೇಮ್ ಮಾಡಿದ್ದು ಪಾಠ: ಆಟಗಾರರ ಮೇಲಿನ ಒತ್ತಡ ಅಳೆದು ಸ್ಪಾನ್ (ಹೊಸ ವೈರಿಗಳು ಹುಟ್ಟುವುದು) ತಡೆಹಿಡಿಯುತ್ತಿತ್ತು. ನಿಮಗೆ ಅಷ್ಟು ದೊಡ್ಡ ಏರ್ಪಾಟು ಬೇಡ. ಕಳೆದ 10 ಸೆಕೆಂಡ್‌ನಲ್ಲಿ ಹೆಲ್ತ್ ನೂರಕ್ಕೆ 40 ಬಿದ್ದಿದ್ದರೆ 5 ಸೆಕೆಂಡ್ ಯಾರನ್ನೂ ಬಿಡಬೇಡಿ, ಪರದೆಯಲ್ಲಿ 'ಸಿಲ್ಕ್ ಬೋರ್ಡ್‌ನಲ್ಲಿದ್ದೀವಿ, ಐದೇ ನಿಮಿಷ' ಅಂತ ಹಾಕಿ. ಸವೆದ ಜೋಕು, ಒಪ್ಪುತ್ತೇನೆ. ಆದರೆ ತಡೆಹಿಡಿದವರೆಲ್ಲ ಆಮೇಲೆ ಒಟ್ಟಿಗೇ ಬಂದಿಳಿದಾಗ ಕೆಲಸ ಮಾಡುತ್ತೆ.

ಅಂಗಳಕ್ಕೆ 30×40 ಸೈಟೇ ಸಾಕು. ಅಡಿಗೊಂದು 32 ಪಿಕ್ಸೆಲ್ ಟೈಲ್ ಹಾಕಿದರೆ 960×1280, ಫೋನನ್ನು ಉದ್ದಕ್ಕೆ ಹಿಡಿದು ಆಡಲು ಸರಿಹೋಗುತ್ತೆ. ಮುಂದೆ ಸಂಖ್ಯೆ ಏರಿಸಿ 300 ದೆವ್ವ ಬಿಡುವ ಮನಸ್ಸಾದರೆ, ಅಷ್ಟಕ್ಕೂ ಕ್ಯಾರೆಕ್ಟರ್‌ಬಾಡಿ2ಡಿ (ಡಿಕ್ಕಿಯ ಲೆಕ್ಕ ಹಾಕುವ ಗೊಡಾಟ್‌ನ ತಯಾರು ಭಾಗ) ಹಾಕಿ ಒಂದಕ್ಕೊಂದು ಡಿಕ್ಕಿ ಹೊಡೆಸಬೇಡಿ, ಕಡಿಮೆ ಬೆಲೆಯ ಫೋನ್ ತಡೆಯಲ್ಲ. ಮೈದಾನವನ್ನು 64 ಪಿಕ್ಸೆಲ್ ಚೌಕಗಳಾಗಿ ಹಂಚಿ, ಅಕ್ಕಪಕ್ಕದ ಚೌಕದವರ ದೂರ ಮಾತ್ರ ನೋಡಿ ತಳ್ಳಿದರೆ ಸಾಕು. ದಿಕ್ಕು ಬದಲಿಸುವ ಲೆಕ್ಕವನ್ನು ಆರು ಫ್ರೇಮ್‌ಗೊಮ್ಮೆ (ಫ್ರೇಮ್ ಅಂದರೆ ಪರದೆಯ ಒಂದೊಂದು ಚಿತ್ರ) ಸರದಿಯಲ್ಲಿ ಮಾಡಿಸಿ, ಫ್ರೇಮಿಗೆ 50 ಮಾತ್ರ ಬರುತ್ತೆ. ಎಲ್ಲವನ್ನೂ ಲೋಡಿಂಗ್ ಹೊತ್ತಲ್ಲೇ ಹುಟ್ಟಿಸಿ ಅಡಗಿಸಿಡಿ, ಸತ್ತದ್ದನ್ನೇ ಮತ್ತೆ ಬಳಸಿ. ಆಟದ ನಡುವೆ ಹುಟ್ಟಿಸಿದರೆ ಪರದೆ ಜರ್ಕ್ ಹೊಡೆಯುತ್ತೆ.

ಆದರೂ ಡೈಲಾಗ್ ಬೇಕೇ ಬೇಕು ಅಂದರೆ: ಒಂದು ಹೊತ್ತಿಗೆ ಒಂದೇ ಬಾಯಿ, ಎರಡರ ನಡುವೆ 15 ಸೆಕೆಂಡ್, ಮೂರು ಪದ ಮೀರಬಾರದು. ರ‍್ಯಾಂಡಮ್ ಆರಿಸಬೇಡಿ. ಎಲ್ಲ ಸಾಲುಗಳನ್ನೂ ಇಸ್ಪೀಟ್ ಎಲೆಯ ಹಾಗೆ ಕಲಸಿ, ಖಾಲಿಯಾಗುವವರೆಗೂ ಒಂದೊಂದೇ ತೆಗೆಯಿರಿ. ಗೊಡಾಟ್ 3ರಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತಿರಲಿಲ್ಲ, 4ರಲ್ಲಿ ಕೂರುತ್ತೆ. ಆದರೆ ನೋಟೋ ಸಾನ್ಸ್ ಕನ್ನಡದಂಥ ಫಾಂಟನ್ನು ಪ್ರಾಜೆಕ್ಟ್ ಒಳಗೇ ಇಡಿ, ಇಲ್ಲದಿದ್ದರೆ ವೆಬ್ ಎಕ್ಸ್‌ಪೋರ್ಟ್‌ನಲ್ಲಿ (ಬ್ರೌಸರ್‌ನಲ್ಲಿ ಆಡುವ ರೂಪದಲ್ಲಿ) ಬರೀ ಚೌಕ ಕಾಣುತ್ತೆ. ಟೈಪ್ ಆಗುತ್ತ ಬರುವ ಎಫೆಕ್ಟ್ ಹಾಕಿದ್ದರೆ ಇನ್ನೊಂದು ಕೀಟಲೆ ಇದೆ: 'ರಕ್ತಬೀಜ' ಅನ್ನುವುದು ರ, ರಕ, ರಕ್, ರಕ್ತ ಅಂತ ಅರ್ಧಂಬರ್ಧ ಅಕ್ಷರ ಮಿನುಗಿಸುತ್ತ ಬರುತ್ತೆ. ಲೇಬಲ್‌ನ (ಪರದೆಯಲ್ಲಿ ಅಕ್ಷರ ತೋರಿಸುವ ಗೊಡಾಟ್‌ನ ಭಾಗ) ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್ ಅನ್ನೋ ಆಯ್ಕೆಯನ್ನು ಗ್ಲಿಫ್ಸ್ ಆಟೋಗೆ ಬದಲಿಸಿ ನೋಡಿ, ಮಿನುಗು ನಿಲ್ಲಬೇಕು.