ವಿಗ್ಗಿಗೆ ಮಲ್ಲಿಗೆ ಮುಡಿಯಬಹುದಾ?

ಹೆಸರು ಹಾಕಬೇಡಿ ಎಂದಿರುವ ದಾವಣಗೆರೆಯ ಓದುಗರೇ,

ಅಮ್ಮನಿಗೆ ಸ್ತನ ಕ್ಯಾನ್ಸರ್, ಹೋದ ವಾರ ಮೊದಲ ಕೀಮೋ ಆಗಿದೆ, ಕೂದಲು ಉದುರುತ್ತದೆ ಎಂದು ಡಾಕ್ಟರು ಹೇಳಿದ್ದಾರೆ, ಒಂದೂವರೆ ತಿಂಗಳಿಗೆ ಮನೆಯಲ್ಲಿ ಮದುವೆ ಎಂದು ಬರೆದಿದ್ದೀರಿ. ಅಸಲಿ ಕೂದಲಿನ ವಿಗ್ಗೇ ಕೊಡಿಸಬೇಕೆಂದು ನಿಮಗೆ ಆಸೆ. ಅಮ್ಮ ಕೇಳುತ್ತಿರುವುದು ಮಾತ್ರ ಒಂದೇ, ಅದಕ್ಕೆ ಮಲ್ಲಿಗೆ ಮುಡಿಯಬಹುದಾ ಅಂತ.

ಮೊದಲು ಅವಸರದ ಮಾತು. ಸಾಮಾನ್ಯವಾಗಿ ಮೊದಲ ಕೀಮೋ ಆಗಿ ಎರಡು ಮೂರು ವಾರಕ್ಕೆ ಕೂದಲು ಉದುರಲು ಶುರು. ಅಂದರೆ ಈ ವಾರವೇ ಅಂಗಡಿಗೆ ಹೋಗಿ. ಅಮ್ಮನಿಗೆ ಸುಸ್ತಿದ್ದರೆ ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಜಡೆಯ ತುದಿಯಿಂದ ಚೂರು ಕೂದಲು ಕತ್ತರಿಸಿಕೊಂಡು ನೀವೇ ಹೋಗಿ, ಏಕೆಂದರೆ ಬಣ್ಣವನ್ನು ಆಮೇಲೆ ನೆನಪಿನಿಂದ ಹೇಳಲು ಆಗುವುದಿಲ್ಲ. ಕೂದಲು ಹೋದ ಮೇಲೆ ತಲೆಯ ಅಳತೆಯೂ ಸ್ವಲ್ಪ ಕಮ್ಮಿಯಾಗುತ್ತದೆ, ಒಳಗೆ ಬಿಗಿ ಮಾಡುವ ಪಟ್ಟಿ ಇದೆಯಾ ನೋಡಿ.

ಅಸಲಿ ಕೂದಲಿನದ್ದೇ ಬೇಕಾ? ನನ್ನ ಕೇಳಿದರೆ ಬೇಡ. ಕೊಪ್ಪಳದ ಭಾಗ್ಯನಗರದಲ್ಲಿ ಕೂದಲಿನ ಕೆಲಸವೇ ಎಷ್ಟೋ ಮನೆಗಳ ಕಸುಬು. ಬಿಡಿಸಿ, ತೊಳೆದು, ಉದ್ದ ನೋಡಿ ವಿಂಗಡಿಸಿ, ಅಷ್ಟು ಕೈ ದಾಟಿ ಬಂದದ್ದು ಅಗ್ಗಕ್ಕೆ ಹೇಗೆ ಸಿಗುತ್ತದೆ, ಹೇಳಿ. ಮೇಲಾಗಿ ತೊಳೆದಾಗೆಲ್ಲ ಅದನ್ನು ಮತ್ತೆ ಸಿಂಗರಿಸಬೇಕು. ಸಿಂಥೆಟಿಕ್ ಹಗುರ, ಆಕಾರ ಕೆಡುವುದಿಲ್ಲ, ಕೆಲವು ತಿಂಗಳಿಗೆ ಧಾರಾಳ ಸಾಕು.

ಅದರ ಶತ್ರು ಬಿಸಿ. ಒಗ್ಗರಣೆ ಹಾಕುವಾಗ, ಕುಕ್ಕರ್ ಮುಚ್ಚಳ ತೆಗೆಯುವಾಗ ಬಗ್ಗಿದರೆ ಮುಂದಿನ ಎಳೆಗಳು ಸುರುಟಿಕೊಳ್ಳುತ್ತವೆ, ಆಮೇಲೆ ಏನು ಮಾಡಿದರೂ ನೆಟ್ಟಗಾಗುವುದಿಲ್ಲ. ಅಡುಗೆಮನೆಗೆ ಸುಮ್ನೆ ಒಂದು ಹತ್ತಿ ಸ್ಕಾರ್ಫ್ ಕಟ್ಟಿಕೊಳ್ಳಲಿ. ಮದುವೆಯಲ್ಲಿ ಹೋಮದಿಂದ ನಾಲ್ಕು ಹೆಜ್ಜೆ ದೂರ.

ದಿನಾ ಹಾಕಿದರೆ ವಾರಕ್ಕೊಮ್ಮೆ ತೊಳೆದರೆ ಸಾಕು. ತುದಿಯಿಂದ ಮೇಲಕ್ಕೆ ಅಗಲ ಹಲ್ಲಿನ ಬಾಚಣಿಗೆಯಲ್ಲಿ ಸಿಕ್ಕು ಬಿಡಿಸಿ, ತಣ್ಣೀರಿಗೆ ಚೂರು ಶಾಂಪೂ ಹಾಕಿ ಅದ್ದಿ ತೆಗೆಯಿರಿ. ಉಜ್ಜಬೇಡಿ, ಹಿಂಡಬೇಡಿ, ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ. ಟವಲ್ಲಿನಲ್ಲಿ ಒತ್ತಿ, ಬೋರಲು ಹಾಕಿದ ತಂಬಿಗೆಯ ಮೇಲಿಟ್ಟು ನೆರಳಲ್ಲಿ ಒಣಗಿಸಿ. ನೆತ್ತಿ ಈಗ ಸೂಕ್ಷ್ಮ, ಒಳಗೊಂದು ಹತ್ತಿ ಟೋಪಿ ಇರಲಿ, ಅಂಟಿನ ಟೇಪು ಬೇಡ.

ಇನ್ನು ಮಲ್ಲಿಗೆ. ಕೀಮೋದಿಂದ ಬಿಳಿ ರಕ್ತಕಣ ಕಮ್ಮಿಯಾಗಿ ಸೋಂಕು ಬೇಗ ತಗಲುವ ದಿನಗಳಲ್ಲಿ ಜನಜಂಗುಳಿ, ಹಸಿ ಹೂವು ಎರಡನ್ನೂ ಬೇಡ ಎನ್ನುವ ಡಾಕ್ಟರಿದ್ದಾರೆ, ಮದುವೆಯ ತಾರೀಕು ಹೇಳಿ ಈಗಲೇ ಕೇಳಿಬಿಡಿ. ಅವರು ಹೂಂ ಅಂದರೆ ಒಂದು ಮೊಳ ಮುಡಿಯಲಿ. ದಿಂಡು ಬೇಡ, ಭಾರಕ್ಕೆ ವಿಗ್ ಹಿಂದಕ್ಕೆ ಜಾರುತ್ತದೆ. ಮುಂಚೆಯೇ ಒಂದು ಸಂಜೆ ಮುಡಿಸಿ, ದೇವರ ಮುಂದೆ ಬಗ್ಗಿ ನಮಸ್ಕಾರ ಮಾಡಿಸಿ ನೋಡಿ, ಜಾರದಿದ್ದರೆ ಆಯ್ತು.

— ಸಂಪಾದಕಿ