ಉ: “ಹೆದರಿಕೆಯಿಂದ ಹುಟ್ಟಿದ ದೇವರಿಗೆ ಕೋಲ ಯಾಕೆ?” ಅಂತ ಮಗ ಕೇಳಿದರೆ

ಪ್ಲಸ್ ಟೂ ಓದುವ ನಿಮ್ಮ ಮಗ “ಮನುಷ್ಯ ಹೆದರಿ ದೇವರನ್ನು ಮಾಡಿಕೊಂಡ, ತರವಾಡಿನ ಕೋಲಕ್ಕೆ (ಕುಟುಂಬದ ಮೂಲಮನೆಯ ಭೂತಾರಾಧನೆಗೆ) ನಾನಿಲ್ಲ” ಅಂದದ್ದಕ್ಕೆ ಕಾರಣ ಹೆಚ್ಚಾಗಿ ನಾಸ್ತಿಕತೆಯಲ್ಲ, ಅರ್ಧ ಉತ್ತರ ಓದಿದ್ದು. ಮೊದಲು ಆ ಅರ್ಧವನ್ನು ಒಪ್ಪಿಕೊಳ್ಳಿ. ಹಾವಿನ ಹೆದರಿಕೆ ಇಲ್ಲದಿದ್ದರೆ ಕುಂಬಳೆ, ಮಂಜೇಶ್ವರದ ಕಡೆ ಇಷ್ಟು ನಾಗಬನ ಉಳಿಯುತ್ತಿತ್ತೇ? ಬೆಳೆ ಹಾಳು ಮಾಡುವ ಕಾಡುಹಂದಿಯೇ ಪಂಜುರ್ಲಿ ಭೂತವಾಗಿ ಕೈಮುಗಿಸಿಕೊಂಡದ್ದು ಅಂತಲೇ ನನಗೂ ಅನಿಸುವುದು.

ಆಮೇಲೆ ಉಳಿದರ್ಧ. ಆಸ್ತಿ ಭಾಗದ ತಕರಾರಿನಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ಭೂತದ ನುಡಿಗೆ ಒಟ್ಟಿಗೆ ತಲೆಬಾಗಿ ಗಂಧ ತೆಗೆದುಕೊಳ್ಳುವುದನ್ನು ಅವನು ನೋಡಿರಬಹುದು. ಅಲ್ಲಿ ಹೆದರಿಕೆಗಿಂತ ಹೆಚ್ಚಿನದ್ದು ಉಂಟು. ಶ್ರಾದ್ಧದ ದಿನ ಬಾಳೆಲೆ ಇಟ್ಟು, ಕಾಗೆ ಮುಟ್ಟಲಿ ಅಂತ ಬಿಸಿಲಲ್ಲಿ ಕಾಯುತ್ತೇವಲ್ಲ, ಅದು ಯಾವ ಹೆದರಿಕೆ? ಸತ್ತವರನ್ನು ಬಿಟ್ಟುಕೊಡಲು ಮನಸ್ಸಿಲ್ಲ, ಅಷ್ಟೇ. ಧರ್ಮ ಹುಟ್ಟಿದ್ದು ಹೆಚ್ಚಿನ ಪಾಲು ಇಲ್ಲೇ ಎಂಬುದು ನನ್ನ ಲೆಕ್ಕ, ಪುರಾವೆ ಕೇಳಬೇಡಿ.

ಮೂರನೆಯದಾಗಿ ಋಗ್ವೇದದ ನಾಸದೀಯ ಸೂಕ್ತ (10.129) ಅರ್ಥಸಹಿತ ಓದಲು ಕೊಡಿ, ಬರೀ ಏಳು ಋಕ್ಕು. ಸೃಷ್ಟಿ ಎಲ್ಲಿಂದ ಬಂತು ಅಂತ ಕೇಳಿ, ಮೇಲಿರುವವನಿಗೆ ಗೊತ್ತಿರಬಹುದು, ಅಥವಾ ಅವನಿಗೂ ಗೊತ್ತಿಲ್ಲವೇನೋ ಅಂತ ಬಿಟ್ಟುಬಿಡುತ್ತದೆ. ಕೇಳುವವರಿಗೂ ನಮ್ಮಲ್ಲಿ ಜಾಗ ಉಂಟು ಅಂತ ಅವನಿಗೆ ತಿಳಿಯಲಿ.

ಕೋಲಕ್ಕೆ ಒತ್ತಾಯ ಬೇಡ, ಊಟ ಬಡಿಸಲು ಕರೆಯಿರಿ. ಅವನ ಸಿಟ್ಟು ಜಾತಿಯ ಮೇಲಾಗಿದ್ದರೆ (ನೀವು ಬರೆದಿಲ್ಲ) ಇದ್ಯಾವುದೂ ನಾಟುವುದಿಲ್ಲ. ಹಾಗಿದ್ದರೆ ಭೂತದ ವೇಷ ಕಟ್ಟುವವರನ್ನು ಊಟಕ್ಕೆ ಎಲ್ಲಿ ಕೂರಿಸುತ್ತೀರಿ ಎಂಬುದನ್ನು ಮೊದಲು ಸರಿಮಾಡಿ, ಮತ್ತೆ ಅವನನ್ನು ಕರೆಯಿರಿ.